ತಿರುಗದ ಡ್ರಮ್ಮು, ಒಣಗದ ಹಾಸಿಗೆ

2024ರ ಆಗಸ್ಟ್ ಮೊದಲ ವಾರದಲ್ಲಿ ಮಸ್ಕಿಯ ನಮ್ಮ ಮನೆಯ ಹಳೇ ವಾಷಿಂಗ್ ಮಷೀನಿನ ಡ್ರೈಯರ್ ನಿಂತುಹೋಯಿತು. ಎರಡು ಟಬ್ಬಿನ ಸೆಮಿ ಆಟೊಮ್ಯಾಟಿಕ್ ಮಷೀನು ಅದು. ತೊಳೆಯುವ ಟಬ್ಬು ಎಂದಿನಂತೆ ತಿರುಗುತ್ತಿತ್ತು. ಪಕ್ಕದ ಡ್ರೈಯರಿಗೆ ಬಟ್ಟೆ ಹಾಕಿ, ಮುಚ್ಚಳ ಮುಚ್ಚಿ, ಟೈಮರ್ ತಿರುವಿದರೆ ಕೆಳಗಿನಿಂದ ಗುಂಯ್ ಎಂಬ ಸದ್ದು ಮಾತ್ರ ಬರುತ್ತಿತ್ತು, ಡ್ರಮ್ಮು ಕದಲುತ್ತಿರಲಿಲ್ಲ.

ನಮ್ಮ ಅತ್ತೆಗೆ ಲಕ್ವ ಹೊಡೆದು ಎಡಮಗ್ಗುಲು ಪೂರ್ತಿ ಸ್ವಾಧೀನ ತಪ್ಪಿತ್ತು. ಮಲ, ಮೂತ್ರ ಎಲ್ಲವೂ ಹಾಸಿಗೆಯಲ್ಲೇ. ಡಯಾಪರ್ ದುಬಾರಿ, ಅದಕ್ಕಿಂತ ಹೆಚ್ಚಾಗಿ, ನಮ್ಮ ಕಡೆಯ ಸೆಕೆಗೆ ಅದನ್ನು ಇಡೀ ದಿನ ಕಟ್ಟಿದರೆ ಅವರ ಚರ್ಮ ಕೆಂಪೇರಿ ಉರಿಯುತ್ತಿತ್ತು. ಹಾಗಾಗಿ ರಾತ್ರಿ ಮಾತ್ರ ಡಯಾಪರ್, ಹಗಲೆಲ್ಲ ಹಳೇ ಸೀರೆ. ಅವರೇ ವರ್ಷಾನುಗಟ್ಟಲೆ ಉಟ್ಟು ಮೆತ್ತಗಾಗಿಸಿದ ಇಳಕಲ್ ಸೀರೆಗಳನ್ನು ಹರಿದು, ನಾಲ್ಕು ಮಡಿಕೆ ಮಾಡಿ ಬೆನ್ನಿನಡಿ ಹಾಸುತ್ತಿದ್ದೆ. ಒದ್ದೆಯಾದ ಕೂಡಲೇ ಎಳೆದು ಇನ್ನೊಂದು ಹಾಸಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿನಡಿ ಹಸಿ ಉಳಿಯದಂತೆ ನೋಡಿಕೊಳ್ಳಿ, ಹಾಸಿಗೆ ಹುಣ್ಣು ಬಂದರೆ ಮಾಯುವುದು ಬಹಳ ಕಷ್ಟ ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಬಟ್ಟೆ ಬೆಳ್ಳಗಾಗುವುದಕ್ಕಿಂತ ಒಣಗುವುದು ಮುಖ್ಯವಾಗಿತ್ತು. ಆ ಒಣಗಿಸುವ ಕೆಲಸದ ಮುಕ್ಕಾಲು ಪಾಲನ್ನು ಆ ಡ್ರೈಯರು ಮಾಡುತ್ತಿತ್ತು.

ಬ್ಯಾಸಗಿಯಾಗಿದ್ದರೆ ಚಿಂತೆ ಇರುತ್ತಿರಲಿಲ್ಲ. ಏಪ್ರಿಲ್, ಮೇ ತಿಂಗಳ ರಾಯಚೂರು ಜಿಲ್ಲೆಯ ಬಿಸಿಲಿಗೆ ನೀರು ಸುರಿಯುತ್ತಿರುವ ಚಾದರವನ್ನು ಮಾಳಿಗೆಯ ಮೇಲೆ ಹರವಿದರೂ ಒಂದು ತಾಸಿನಲ್ಲಿ ಗರಿಗರಿಯಾಗುತ್ತದೆ. ಆಗಸ್ಟಿನಲ್ಲಿ ಮೋಡ ಕವಿದುಕೊಂಡಿತ್ತು. ಜಿಟಿಜಿಟಿ ಹನಿ, ನಡುನಡುವೆ ಜೋರು ಮಳೆ. ಪಡಸಾಲೆ, ಅಡುಗೆಮನೆ, ಮಗಳು ಓದುವ ಕೋಣೆ ಎಲ್ಲ ಕಡೆ ಹಗ್ಗ ಕಟ್ಟಿದೆವು. ತಲೆ ಎತ್ತಿದರೆ ಮುಖಕ್ಕೆ ಹಸಿ ಬಟ್ಟೆ ತಾಗುತ್ತಿತ್ತು. ಫ್ಯಾನ್ ಇಡೀ ರಾತ್ರಿ ತಿರುಗಿದರೂ ಬೆಳಿಗ್ಗೆ ಸೀರೆಯ ಮಡಿಕೆಯೊಳಗೆ ಕೈ ಇಟ್ಟರೆ ತಣ್ಣಗೆ ಇರುತ್ತಿತ್ತು. ಒಣಗಿದ ಹಾಗೆ ಕಾಣುವ ಆ ಬಟ್ಟೆಯನ್ನು ಹಾಸಬೇಕೋ ಬಿಡಬೇಕೋ ಎಂದು ನಿಂತು ಯೋಚಿಸಲೂ ಪುರುಸೊತ್ತಿಲ್ಲ. ಬೇರೆ ಬಟ್ಟೆ ಇಲ್ಲ.

ಕೈಯಲ್ಲಿ ಹಿಂಡುವುದಕ್ಕೂ ಡ್ರೈಯರ್ ಮಾಡುವ ಕೆಲಸಕ್ಕೂ ಇರುವ ಅಂತರ ನನಗೆ ಆಗಲೇ ಗೊತ್ತಾದದ್ದು. ಇಂಥ ಮಷೀನಿನ ಡ್ರೈಯರ್ ನಿಮಿಷಕ್ಕೆ ಸುಮಾರು 1300 ಸುತ್ತು ತಿರುಗುತ್ತದೆ. ಗೇಣಗಲದ ಡ್ರಮ್ಮು ಆ ವೇಗದಲ್ಲಿ ಸುತ್ತುವಾಗ ಗೋಡೆಗೆ ಒತ್ತಿಕೊಂಡ ಬಟ್ಟೆಯ ಮೇಲೆ ಭೂಮಿಯ ಸೆಳೆತದ ಇನ್ನೂರು ಪಟ್ಟಿಗೂ ಮೀರಿದ ಬಲ ಬೀಳುತ್ತದೆ. ನೀರು ತೂತುಗಳಿಂದ ಹೊರಗೆ ಚಿಮ್ಮುತ್ತದೆ. ಮನುಷ್ಯರ ರಟ್ಟೆ ಎಷ್ಟು ಹಿಂಡಿದರೂ ಅಷ್ಟು ನೀರು ಹೊರಬರುವುದಿಲ್ಲ. ಅದೂ ಹೊತ್ತಿಗೊಂದು ರಾಶಿ ಸೀರೆ, ಚಾದರ, ಮೇಲೊಂದು ಕೌದಿ. ನೀರು ಕುಡಿದ ಕೌದಿಯನ್ನು ಒಬ್ಬಳೇ ಎತ್ತಲಾಗುವುದಿಲ್ಲ. ಮಗಳು ಒಂದು ತುದಿ, ನಾನು ಒಂದು ತುದಿ ಹಿಡಿದು ತಿರುಚುತ್ತಿದ್ದೆವು.

ಕೆಲವೇ ದಿನಗಳಲ್ಲಿ ನನ್ನ ಬಲಗೈ ಹೆಬ್ಬೆರಳ ಬುಡದಲ್ಲಿ ನೋವು ಶುರುವಾಯಿತು. ಚಪಾತಿ ಲಟ್ಟಿಸಲು, ಬಾಗಿಲ ಚಿಲಕ ತೆಗೆಯಲು ಕೂಡ ಆಗದಂತಾಯಿತು. ವೈದ್ಯರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದರು. ನಾನು ಚೀರಿದೆ. ಹೆಬ್ಬೆರಳನ್ನು ಎಳೆಯುವ ಸ್ನಾಯುರಜ್ಜುಗಳು ಹಾದುಹೋಗುವ ಪೊರೆ ಊದಿಕೊಂಡಿದೆ ಎಂದರು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕರ್ವೇನ್ 1895ರಲ್ಲೇ ವಿವರಿಸಿದ ತೊಂದರೆ ಇದು. ಹಿಂಡುವ, ತಿರುಚುವ ಕೆಲಸ ಮಾಡುವವರಿಗೆ ಬಹಳವಾಗಿ ಬರುತ್ತದಂತೆ. ಪಟ್ಟಿ ಕಟ್ಟಿ, "ಕೈಗೆ ವಿಶ್ರಾಂತಿ ಕೊಡ್ರಿ, ಬಟ್ಟೆ ಹಿಂಡಬ್ಯಾಡ್ರಿ" ಎಂದರು. ಮನೆಗೆ ಬಂದಾಗ ಬಕೆಟ್ಟಿನಲ್ಲಿ ಅತ್ತೆಯ ಸೀರೆಗಳು ಕಾದಿದ್ದವು. ಪಟ್ಟಿ ಬಿಚ್ಚಿಟ್ಟು ಹಿಂಡಿದೆ.

ಮಷೀನಿನ ತೊಂದರೆ ಎಲ್ಲಿದೆ ಎಂದು ನಾವೇ ಮೊದಲು ಹುಡುಕಿದೆವು. ಮೊದಲ ಅನುಮಾನ ಕರೆಂಟಿನ ಮೇಲೆ. ಸಂಜೆಯಾದರೆ ನಮ್ಮ ಓಣಿಯಲ್ಲಿ ವೋಲ್ಟೇಜು ಇಳಿಯುತ್ತದೆ. ಇಂಥ ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಬಲ ಹೆಚ್ಚುಕಡಿಮೆ ಶೇ 60ಕ್ಕೆ ಇಳಿಯುತ್ತದೆ. ಬೆಳಗಿನ ಜಾವ, ಬಲ್ಬು ಪ್ರಕಾಶವಾಗಿ ಉರಿಯುವ ಹೊತ್ತಿಗೆ ಎದ್ದು ಖಾಲಿ ಡ್ರಮ್ಮು ಓಡಿಸಿ ನೋಡಿದೆ. ಅದೇ ಗುಂಯ್ ಸದ್ದು. ಮುಚ್ಚಳ ಮುಚ್ಚಿದಾಗ ಮಾತ್ರ ಸದ್ದು ಬರುತ್ತಿತ್ತು, ಎತ್ತಿದರೆ ನಿಲ್ಲುತ್ತಿತ್ತು. ಅಂದರೆ ಮುಚ್ಚಳದ ಸ್ವಿಚ್ಚು, ಟೈಮರು ಎರಡೂ ಸರಿ ಇವೆ. ಮೋಟಾರಿಗೆ ಕರೆಂಟು ಹೋಗುತ್ತಿದೆ, ತಿರುಗಲು ಆಗುತ್ತಿಲ್ಲ. ಹಾಗೆ ಗುಂಯ್‌ಗುಡುವ ಮೋಟಾರನ್ನು ಬಹಳ ಹೊತ್ತು ಬಿಟ್ಟರೆ ಒಳಗಿನ ಸುತ್ತು ಕಾದು ಸುಡುತ್ತದೆ ಎಂದು ತಿಳಿದಿದ್ದರಿಂದ ಕೂಡಲೇ ಪ್ಲಗ್ ತೆಗೆದೆ.

ನಮ್ಮ ಯಜಮಾನರು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಸಿಂಧನೂರಿನಲ್ಲಿ ಸಿಗದ ರಿಪೇರಿ ಇಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಪಂಪ್‌ಸೆಟ್ಟು, ಟ್ರಾಕ್ಟರು, ಗಿರಣಿ ಯಂತ್ರ ಎಲ್ಲ ಅಲ್ಲೇ ಬಿಚ್ಚುತ್ತಾರೆ, ಜೋಡಿಸುತ್ತಾರೆ. ಯಜಮಾನರು ಅಲ್ಲಿನ ಒಬ್ಬ ಮೆಕ್ಯಾನಿಕ್ಕನಿಗೆ ಹೇಳಿ ಬಂದರು. ಆತ ಇವತ್ತು, ನಾಳೆ ಎಂದು ಮುಂದೂಡುತ್ತಲೇ ಇದ್ದಾಗ ನಾನೇ ಬಸ್ಸು ಹತ್ತಿದೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿಲ್ಲ. ಅದಿಲ್ಲದಿದ್ದರೆ ಆ ದಿನಗಳಲ್ಲಿ ಮಸ್ಕಿ, ಸಿಂಧನೂರು, ಲಿಂಗಸುಗೂರು ಎಂದು ಅಲೆಯುವುದು ನನ್ನಿಂದ ಆಗುತ್ತಿರಲಿಲ್ಲ.

ಆ ವಾರ ಸಿಂಧನೂರಿನಲ್ಲಿ ಬೇರೆ ಮಾತೇ ಇರಲಿಲ್ಲ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ಎಡದಂಡೆ ಕಾಲುವೆಯ ನೀರಿನ ಮೇಲೆ ಬದುಕುವ ಊರು. ತುಂಬಿದ ಡ್ಯಾಂ ಕಣ್ಣೆದುರೇ ಖಾಲಿಯಾಗುತ್ತಿದೆ, ನೆಲ್ಲಿಗೆ ನೀರು ಸಿಗುತ್ತದೋ ಇಲ್ಲವೋ ಎಂದು ಅಂಗಡಿ ಅಂಗಡಿಯಲ್ಲೂ ಜನ ಕಳವಳದಿಂದ ಮಾತಾಡುತ್ತಿದ್ದರು. ಮೆಕ್ಯಾನಿಕ್ಕನ ಅಂಗಡಿಯಲ್ಲೂ ಮೊಬೈಲಿನಲ್ಲಿ ಅದೇ ಸುದ್ದಿ. ಅವರ ಸಂಕಟ ನನ್ನದೂ ಹೌದು. ನೆಲ್ಲು ಬಾರದಿದ್ದರೆ ಗಿರಣಿ ನಡೆಯುವುದಿಲ್ಲ, ನಮ್ಮ ಮನೆಯ ಪಗಾರವೂ ಇಲ್ಲ. ಆದರೂ ನಾನು ನನ್ನ ಮಾತು ಹೇಳಲೇಬೇಕಿತ್ತು. "ಮನಿಯಾಗ ಹಾಸಿಗೆ ಹಿಡಿದವರದಾರ, ಬಟ್ಟಿ ಒಣಗವಲ್ಲವು" ಎಂದೆ. ಮರುದಿನ ಬಂದ.

ಬಂದವನು ಮುಚ್ಚಳ ಎತ್ತಿ, ಡ್ರಮ್ಮಿಗೆ ಕೈ ಹಾಕಿ ತಿರುವಿ ನೋಡಿದ. ಬಿಗಿಯಾಗಿತ್ತು. ಕೆಪಾಸಿಟರ್ ಹೋಗಿರಬೇಕೆಂದು ಹೊಸದು ಹಾಕಿದ. ಡ್ರಮ್ಮು ತಿರುಗಲಿಲ್ಲ. ಮತ್ತೆ ಕೈಯಾಡಿಸಿ, "ಮೋಟಾರು ಜಾಮ್ ಆಗೈತ್ರಿ, ಸುಟ್ಟಿರಬೇಕು. ಹಳೇ ಮಷೀನಿಗೆ ರೊಕ್ಕ ಹಾಕಬ್ಯಾಡ್ರಿ, ಹೊಸಾದು ತಗೋರಿ" ಎಂದ. ಹೊಸದಕ್ಕೆ ರೊಕ್ಕ ಎಲ್ಲಿಂದ ತರುವುದು? ಅತ್ತೆಯ ಔಷಧಿಗೇ ಕೈಗಡ ಆಗಿತ್ತು. ಹೋಗುವಾಗ ಇನ್ನೊಂದು ಮಾತು ಹೇಳಿದ: ಕೆಳಗೊಂದು ಬ್ರೇಕ್ ಇರುತ್ತದೆ, ಅದನ್ನು ಕಿತ್ತುಹಾಕಿದರೆ ಒಮ್ಮೊಮ್ಮೆ ಡ್ರಮ್ಮು ತಿರುಗುತ್ತದೆ, ಬೇಕಿದ್ದರೆ ಹಾಗೆ ಮಾಡೋಣ. ನಾನು ಬೇಡವೆಂದೆ. ಮುಚ್ಚಳ ತೆಗೆದ ಮೇಲೂ ಡ್ರಮ್ಮು ಆ ವೇಗದಲ್ಲಿ ಸುತ್ತುತ್ತಿದ್ದರೆ, ಅವಸರದಲ್ಲಿ ಕೈ ಹಾಕಿದವರ ಕೈಗೆ ಸೀರೆಯ ಸೆರಗು ಸುತ್ತಿಕೊಂಡರೆ ಏನಾಗುತ್ತದೆಂದು ಯೋಚಿಸಿದರೇ ಮೈ ನಡುಗುತ್ತದೆ. ಮಗಳು ಕೂಡ ಅದರಲ್ಲೇ ಬಟ್ಟೆ ಹಾಕುತ್ತಾಳೆ.

ಆ ರಾತ್ರಿ ಅತ್ತೆಯ ಮಗ್ಗುಲು ಹೊರಳಿಸುವಾಗ ಸೊಂಟದ ಕೆಳಗಿನ ಮೂಳೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲ ಕೆಂಪು ಕಲೆ ಕಂಡಿತು. ಒತ್ತಿ ನೋಡುವುದನ್ನು ನರ್ಸ್ ಒಬ್ಬರು ನನಗೆ ಕಲಿಸಿಕೊಟ್ಟಿದ್ದರು. ಬೆರಳಿನಿಂದ ಒತ್ತಿ ಬಿಟ್ಟರೆ ಆರೋಗ್ಯದ ಚರ್ಮ ಕ್ಷಣಹೊತ್ತು ಬೆಳ್ಳಗಾಗಿ ಮತ್ತೆ ಕೆಂಪಾಗುತ್ತದೆ. ಬೆಳ್ಳಗಾಗದೆ ಕೆಂಪಗೇ ಉಳಿದರೆ ಹುಣ್ಣಿನ ಮೊದಲ ಹಂತ. ಒತ್ತಿದೆ. ಬೆಳ್ಳಗಾಗಲಿಲ್ಲ. ಅತ್ತೆಗೆ ಮಾತು ಸ್ಪಷ್ಟವಿರಲಿಲ್ಲ. ನನ್ನ ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತ, ಬಲಗೈಯಿಂದ ಅದನ್ನು ಹಿಡಿದುಕೊಂಡು ಅತ್ತರು. ತಮ್ಮ ದೆಸೆಯಿಂದ ನನಗೆ ಹೀಗಾಯಿತು ಎಂಬ ಸಂಕಟ ಅವರದು. ಅವರಿಗೆ ಹಸಿ ಬಟ್ಟೆ ಹಾಸಬೇಕಾಯಿತಲ್ಲ ಎಂಬುದು ನನ್ನದು. ಆ ದಿನಗಳಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು ಅದು.

ನನ್ನ ತವರು ಲಿಂಗಸುಗೂರು. ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರ ಓಣಿಯಲ್ಲಿ ಹಟ್ಟಿ ಚಿನ್ನದ ಗಣಿಯಿಂದ ನಿವೃತ್ತರಾದ ಹಿರಿಯ ಫಿಟ್ಟರ್ ಒಬ್ಬರಿದ್ದಾರೆ. ಹಟ್ಟಿ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲೇ. 1947ರಲ್ಲಿ, ನಿಜಾಮರ ಆಳ್ವಿಕೆಯ ಕಾಲಕ್ಕೆ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಕಂಪನಿ ಅದು. ನಮ್ಮ ಕಡೆಯ ಎಷ್ಟೋ ಮನೆಗಳ ಗಂಡಸರು ಅಲ್ಲೇ ಕಬ್ಬಿಣದ ಕೆಲಸ ಕಲಿತವರು. ಅಣ್ಣ ಫೋನನ್ನು ಅವರ ಕೈಗೇ ಕೊಟ್ಟ.

ಅವರು ಬೆಲೆ ಕೇಳಲಿಲ್ಲ, ಕಂಪನಿ ಯಾವುದೆಂದೂ ಕೇಳಲಿಲ್ಲ. ಮೊದಲು ಕೇಳಿದ್ದು ಒಂದೇ: "ಡ್ರಮ್ಮು ಬಿಗಿ ಐತಿ ಅಂದ್ರಲ್ಲ, ಮುಚ್ಚಳ ತಗದು ನೋಡಿದ್ರೋ, ಮುಚ್ಚಿ ನೋಡಿದ್ರೋ?" ತೆಗೆದು ನೋಡಿದ್ದು ಎಂದೆ. "ತಗದಾಗ ಬಿಗಿ ಇರಬೇಕವ್ವಾ, ಅದಕ್ಕ ಬ್ರೇಕ್ ಇಟ್ಟಿರ್ತಾರ. ಮುಚ್ಚಿದಾಗ ಸಡಿಲ ಆಗಬೇಕು. ಹಿಂದಿನ ತಗಡು ಬಿಚ್ಚಿ ಕೆಳಗಿಂದ ನೋಡ್ರಿ" ಎಂದರು. ಏನೇನು ಮಾಡಬೇಕೆಂದು ಒಂದೊಂದಾಗಿ ಹೇಳಿದರು. ಪ್ಲಗ್ ತೆಗೆದು, ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದಾದ್ದರಿಂದ ಅದರ ತುದಿ ಮುಟ್ಟದಂತೆ ಎಚ್ಚರ ವಹಿಸಬೇಕು. ಡ್ರೈಯರಿನ ಮುಚ್ಚಳ ಮುಚ್ಚಿಯೇ ಇಟ್ಟು, ಮೋಟಾರಿನ ಮೇಲಿರುವ ಗಾಲಿಯನ್ನು ಕೈಯಿಂದ ತಿರುವಬೇಕು.

ಯಜಮಾನರು ಹಿಂದಿನ ತಗಡು ಬಿಚ್ಚಿದರು. ಮಗಳು ಟಾರ್ಚ್ ಹಿಡಿದಳು. ಒಳಗೆಲ್ಲ ಸುಣ್ಣ ಬಳಿದಂತೆ ಬಿಳಿ ಪುಡಿ ಕಟ್ಟಿತ್ತು. ನಮ್ಮ ಬೋರಿನ ಸವಳು ನೀರು ಹನಿಹನಿಯಾಗಿ ಬಿದ್ದು ಒಣಗಿದ ಉಪ್ಪು. ಡ್ರಮ್ಮಿನ ದಂಡ ಮೋಟಾರಿಗೆ ಕೂಡುವ ಕಡೆ ಒಂದು ಗಾಲಿ, ಆ ಗಾಲಿಯನ್ನು ಅಪ್ಪಿಕೊಂಡು ಒಂದು ಪುಟ್ಟ ಬ್ರೇಕ್ ಪಟ್ಟಿ, ಅದನ್ನು ಎಳೆಯುವ ಸಣ್ಣ ತಂತಿ ಮೇಲೆ ಮುಚ್ಚಳದ ಕೀಲಿನವರೆಗೆ ಹೋಗಿತ್ತು. ಮಗಳು ಮುಚ್ಚಳವನ್ನು ಮೆಲ್ಲಗೆ ಎತ್ತಿ ಮುಚ್ಚಿದಳು. ತಂತಿ ಬಿಗಿಯಾಗಬೇಕಿತ್ತು, ಆಗಲಿಲ್ಲ. ಹತ್ತಿರದಿಂದ ನೋಡಿದರೆ ಅದರ ಎಳೆಗಳಲ್ಲಿ ಹಲವು ತುಕ್ಕು ತಿಂದು ಕಡಿದಿದ್ದವು; ಉಳಿದ ಎಳೆ ಹಿಗ್ಗಿ ಜೋತುಬಿದ್ದಿದ್ದವು. ಯಜಮಾನರು ಸ್ಕ್ರೂ ಡ್ರೈವರಿನಿಂದ ಬ್ರೇಕಿನ ಪಟ್ಟಿಯನ್ನು ಒಂದು ನೂಲಿನಷ್ಟು ಹಿಂದಕ್ಕೆ ಸರಿಸಿ ಗಾಲಿಯನ್ನು ಬೆರಳಿನಿಂದ ತಳ್ಳಿದರು. ಸರ್ರನೆ ತಿರುಗಿತು. ಮೋಟಾರು ಜಾಮ್ ಆಗಿರಲೇ ಇಲ್ಲ. ಬ್ರೇಕ್ ಬಿಡದ ಗಾಲಿಯನ್ನು ತಿರುಗಿಸಲು ಅದು ಇಷ್ಟು ದಿನವೂ ಹೆಣಗುತ್ತಿತ್ತು.

ಹಿರಿಯರು ಅಣ್ಣನ ಬೈಕಿನಲ್ಲಿ ಮಸ್ಕಿಗೇ ಬಂದರು. ಗಣಿಯಲ್ಲಿ ಜನರನ್ನೂ ಅದಿರನ್ನೂ ಇಳಿಸಿ ಏರಿಸುವ ಯಂತ್ರಕ್ಕೂ ಇದೇ ನಿಯಮ ಎಂದು ನನ್ನ ಮಗಳಿಗೆ ವಿವರಿಸಿದರು. ಕರೆಂಟಿನ ಬಲದಿಂದ ಬ್ರೇಕ್ ಹಿಡಿಯುವ ಹಾಗೆ ಮಾಡಿದರೆ, ಕರೆಂಟು ಹೋದಾಗ ಪಂಜರ ಪಾತಾಳಕ್ಕೆ ಬೀಳುತ್ತದೆ. ಅದಕ್ಕೇ ಬ್ರೇಕ್ ತಾನಾಗಿಯೇ ಹಿಡಿದಿರುತ್ತದೆ. ಯಂತ್ರ ಓಡಬೇಕಾದಾಗ ಮಾತ್ರ ಬಲ ಕೊಟ್ಟು ಬಿಡಿಸುತ್ತಾರೆ. ಇಲ್ಲಿಯೂ ಸ್ಪ್ರಿಂಗು ಬ್ರೇಕನ್ನು ಹಿಡಿದಿರುತ್ತದೆ, ಮುಚ್ಚಳ ಮುಚ್ಚಿದಾಗ ತಂತಿ ಅದನ್ನು ಬಿಡಿಸುತ್ತದೆ. ತಂತಿ ಕಡಿದರೆ ಡ್ರಮ್ಮು ನಿಲ್ಲುತ್ತದೆ, ಯಾರ ಕೈಯೂ ಹೋಗುವುದಿಲ್ಲ. "ಬ್ರೇಕ್ ಕಿತ್ತು ಒಗೀರಿ ಅಂದವರ ಮಾತು ಕೇಳಲಿಲ್ಲಲ್ಲ, ಚಲೋ ಮಾಡಿದ್ರಿ" ಎಂದರು.

ತಂತಿ ಬದಲಿಸುವುದು ಕಷ್ಟವಾಗಲಿಲ್ಲ. ಮಸ್ಕಿಯ ಸೈಕಲ್ ಅಂಗಡಿಯಲ್ಲಿ ಬ್ರೇಕಿನ ಒಳತಂತಿ ಸಿಕ್ಕಿತು. ಅಳತೆಗೆ ಕತ್ತರಿಸಿ, ಮುಚ್ಚಳ ಪೂರ್ತಿ ಮುಚ್ಚಿದಾಗ ಪಟ್ಟಿ ಗಾಲಿಯಿಂದ ಚೂರು ದೂರ ಸರಿಯುವಂತೆ, ಎತ್ತಿದ ಕೂಡಲೇ ಹಿಡಿಯುವಂತೆ ಹದ ಮಾಡಿದರು. ಆದರೆ ಅಷ್ಟಕ್ಕೇ ಬಿಡಲು ಅವರು ಒಪ್ಪಲಿಲ್ಲ. ತುಕ್ಕು ಹಿಡಿಸಿದ ನೀರು ಬಂದದ್ದು ಮೇಲಿನಿಂದ. ಟಬ್ಬಿನ ತಳದಲ್ಲಿ ದಂಡದ ಸುತ್ತ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಇರುತ್ತದೆ, ಬೆಲ್ಲೋ ಎನ್ನುತ್ತಾರೆ. ಡ್ರಮ್ಮು ಓಲಾಡಿದರೂ ನೀರು ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ನಮ್ಮದು ಒಂದು ಮಡಿಕೆಯಲ್ಲಿ ಸೀಳಿತ್ತು. ಅದನ್ನು ಬದಲಿಸದಿದ್ದರೆ ಹೊಸ ತಂತಿಗೂ ತುಕ್ಕು ಹಿಡಿಯುತ್ತದೆ, ನೀರು ಮೋಟಾರಿಗೆ ಇಳಿದರೆ ಶಾಕ್ ಹೊಡೆಯುವ ಅಪಾಯವೂ ಇದೆ.

ಆ ಅಂಗೈಯಗಲದ ರಬ್ಬರಿಗಾಗಿ ಮೂರೂ ಊರು ಅಲೆದೆ. ಮಸ್ಕಿಯಲ್ಲಿ ಆ ಅಳತೆಯದು ಇರಲಿಲ್ಲ. ಸಿಂಧನೂರಿನ ಬಿಡಿಭಾಗದ ಅಂಗಡಿಗಳಲ್ಲಿ ಹೊಸ ಮಾದರಿಗಳದ್ದು ಇದ್ದವು. ಹರಿದ ರಬ್ಬರನ್ನು ಚೀಲದಿಂದ ತೆಗೆದು ಪಕ್ಕಕ್ಕಿಟ್ಟು ಹೋಲಿಸಿದರೆ ಒಂದರ ಬಾಯಿ ಅಗಲ, ಇನ್ನೊಂದರ ದಂಡದ ತೂತು ಸಣ್ಣ. "ಈ ಮಾಡೆಲ್ ಬಂದ್ ಆಗೇತ್ರಿ" ಎಂದು ಎಲ್ಲರದೂ ಒಂದೇ ಉತ್ತರ. ಕೊನೆಗೆ ಲಿಂಗಸುಗೂರಿನ ಗುಜರಿಯೊಂದರಲ್ಲಿ, ಕಬ್ಬಿಣದ ರಾಶಿಯ ಹಿಂದೆ ಅದೇ ಮಾದರಿಯ ಮಷೀನು ಸಿಕ್ಕಿತು. ಅದರ ಮೋಟಾರು ಸುಟ್ಟಿತ್ತು, ರಬ್ಬರು ಮೆತ್ತಗೆ ಗಟ್ಟಿಮುಟ್ಟಾಗಿತ್ತು. ಹಿರಿಯರೇ ಕೂತು ಬಿಚ್ಚಿದರು, ಎಳೆದು ಹಿಗ್ಗಿಸಿ ಬೆಳಕಿಗೆ ಹಿಡಿದು ಸೀಳಿಲ್ಲವೆಂದು ಖಾತ್ರಿ ಮಾಡಿಕೊಂಡರು.

ಜೋಡಿಸಿದ ಮೇಲೆ ಟಬ್ಬಿಗೆ ನೀರು ತುಂಬಿಸಿ, ಕೆಳಗೆ ಒಣ ಕಾಗದ ಹಾಸಿ, ಹನಿ ಬೀಳುವುದಿಲ್ಲವೆಂದು ನೋಡಿದ ಮೇಲೆಯೇ ಅರ್ಥಿಂಗ್ ಪರೀಕ್ಷಿಸಿ ಪ್ಲಗ್ ಹಾಕಿಸಿದರು. ಡ್ರಮ್ಮು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತಿರುಗಿತು. ಕೊಳವೆಯಿಂದ ನೀರು ರಭಸವಾಗಿ ಹೊರಬಂತು. ಮುಚ್ಚಳ ಎತ್ತಿದ ಕೂಡಲೇ ನಿಂತಿತು. ಹೊರತೆಗೆದ ಸೀರೆಯನ್ನು ಮಗಳು ಕೆನ್ನೆಗೆ ಒತ್ತಿಕೊಂಡು, "ಅವ್ವಾ, ತಾಸೊತ್ತಿನ್ಯಾಗ ಒಣಗತೈತಿ" ಎಂದಳು. ನಾನು ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಅಷ್ಟರಲ್ಲಿ ತುಂಗಭದ್ರೆಯ ಹರಿಯುವ ನೀರಿನಲ್ಲೇ, ಒಂದು ವಾರದೊಳಗೆ, 19ನೇ ಗೇಟಿನ ಜಾಗಕ್ಕೆ ತಾತ್ಕಾಲಿಕ ಗೇಟನ್ನು ಇಳಿಸಿ ಕೂರಿಸಿದ್ದರು. ಕಾಲುವೆಗೆ ನೀರು ಉಳಿಯಿತು. 1950ರ ದಶಕದ ಆ ಡ್ಯಾಮಿನ ಬಗ್ಗೆ ಯಾರೂ ಹಳೆಯದಾಯಿತು ಬಿಡಿ ಎನ್ನಲಿಲ್ಲ. ಅದರ ಮೇಲೆ ಎಷ್ಟು ಜನರ ಬದುಕು ನಿಂತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮನೆಯೊಳಗಿನ ಯಂತ್ರದ ಮೇಲೆ ಯಾರ ಬದುಕು ನಿಂತಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ನಮ್ಮದರ ಮೇಲೆ ನಿಂತಿದ್ದದ್ದು ಹಾಸಿಗೆ ಹಿಡಿದ ಒಬ್ಬ ಹೆಂಗಸಿನ ಬೆನ್ನು, ಅವರನ್ನು ನೋಡಿಕೊಳ್ಳುವ ಇನ್ನೊಬ್ಬಳ ಮಣಿಕಟ್ಟು. ಅತ್ತೆಯ ಕೆಂಪು ಕಲೆ ಚರ್ಮ ಒಡೆಯುವ ಮೊದಲೇ ಇಳಿಯಿತು. ನನ್ನ ಕೈ ಸರಿಯಾಗಲು ತಿಂಗಳುಗಳೇ ಬೇಕಾದವು.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಗೃಹಬಳಕೆಯ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಆ ಹಕ್ಕಿಗೆ ಅರ್ಥ ಬರಬೇಕಾದರೆ ಮಸ್ಕಿಯಂಥ ಊರಿನ ಅಂಗಡಿಯಲ್ಲಿ ಹಳೇ ಮಾದರಿಯ ಒಂದು ರಬ್ಬರು, ಒಂದು ಬ್ರೇಕ್ ತಂತಿ ಸಿಗಬೇಕು. ಗುಜರಿಯಲ್ಲಿ ಸಿಕ್ಕಿದ್ದು ನಮ್ಮ ಪುಣ್ಯ. ಸಿಗದೇ ಹೋದವರು ಇವತ್ತೂ ಕೈಯಲ್ಲೇ ಹಿಂಡುತ್ತಿದ್ದಾರೆ.

ಈಗ ನಮ್ಮ ಓಣಿಯಲ್ಲಿ ಯಾರದೇ ಡ್ರೈಯರ್ ನಿಂತರೂ ನನ್ನನ್ನು ಕರೆಯುತ್ತಾರೆ. ನಾನು ಹೇಳುವ ಕ್ರಮ ಇಷ್ಟೇ. ಸದ್ದೇ ಇಲ್ಲದಿದ್ದರೆ ಪ್ಲಗ್ಗು, ಟೈಮರು, ಮುಚ್ಚಳದ ಸ್ವಿಚ್ಚು ನೋಡಿಸಿ. ಗುಂಯ್ ಎನ್ನುತ್ತಿದ್ದರೆ ಪ್ಲಗ್ ತೆಗೆದು, ಮುಚ್ಚಳ ಮುಚ್ಚಿ, ಹಿಂದಿನಿಂದ ಗಾಲಿ ತಿರುವಿಸಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಮೇಲೆ ಅನುಮಾನ, ಬಿಗಿಯಿದ್ದರೆ ಬ್ರೇಕಿನ ಮೇಲೆ, ಇಲ್ಲವೇ ಡ್ರಮ್ಮಿನ ಕೆಳಗೆ ಸಿಕ್ಕಿಕೊಂಡ ಬಟ್ಟೆಯ ಮೇಲೆ. ಇದೆಲ್ಲ ನೋಡಿದ ಮೇಲೆಯೇ ಮೋಟಾರಿನ ಮಾತು. ರಿಪೇರಿಗೆ ಬರುವ ತಮ್ಮಂದಿರಿಗೂ ನನ್ನದೊಂದು ಬೇಡಿಕೆ: ಹೊಸ ಮಷೀನಿನ ಬೆಲೆ ಹೇಳುವ ಮೊದಲು, ಈ ಮನೆಯಲ್ಲಿ ಬಟ್ಟೆ ಹಿಂಡುವವರು ಯಾರು, ಆ ಬಟ್ಟೆ ಯಾರ ಬೆನ್ನಿನಡಿ ಹೋಗುತ್ತದೆ ಎಂದು ಒಂದು ಮಾತು ಕೇಳಿ. ಅದನ್ನು ಕೇಳಿದವರು ಹಿಂದಿನ ತಗಡು ಬಿಚ್ಚದೆ ಎದ್ದು ಹೋಗಲಾರರು.